ಮೊದಲೇ ಟೈಪಾಗಿದ್ದ ಸಾಲು

ನಮ್ಮ ಎಕೋ ರಿಪೋರ್ಟಿನ ಕೊನೆಯ ಸಾಲನ್ನು ಯಾರೂ ಟೈಪ್ ಮಾಡುವುದಿಲ್ಲ. ರೋಗಿಯ ಹೆಸರು, ವಯಸ್ಸು ತುಂಬಿ ಫಾರ್ಮ್ ತೆರೆದ ಕೂಡಲೇ ಅದು ಅಡಿಯಲ್ಲಿ ಬಂದು ಕೂತಿರುತ್ತದೆ. ಹೃದಯದೊಳಗೆ ರಕ್ತ ಹೆಪ್ಪುಗಟ್ಟಿಲ್ಲ, ಸೋಂಕಿನ ಗಂಟಿಲ್ಲ, ಸುತ್ತ ನೀರು ನಿಂತಿಲ್ಲ ಎಂಬುದು ಅದರ ಅರ್ಥ. ಇಂಗ್ಲಿಷಿನಲ್ಲಿ ನಾಲ್ಕೈದು ಪದ, ಅಷ್ಟೆ. ಏನಾದರೂ ಕಂಡರೆ ಅದನ್ನು ಅಳಿಸಬೇಕು, ಕಾಣದಿದ್ದರೆ ಹಾಗೇ ಬಿಟ್ಟರಾಯಿತು. ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಎಕೋ ಟೆಕ್ನಿಷಿಯನ್. ಎದೆಯ ಮೇಲೆ ಪ್ರೋಬ್ ಒತ್ತಿ ಹಿಡಿದು ಹೃದಯದ ಚಿತ್ರ ತೆಗೆದು, ಅಳತೆ ಬರೆದು ಕೊಡುತ್ತೇನೆ. ಹೃದ್ರೋಗದ ಡಾಕ್ಟರು ನೋಡಿ ಸಹಿ ಹಾಕುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ಆ ಸಾಲನ್ನು ಎಷ್ಟು ಸಲ ಹಾಗೇ ಬಿಟ್ಟಿದ್ದೇನೋ ದೇವರಿಗೇ ಗೊತ್ತು.

ಆ ಹುಡುಗಿ ಮೊದಲ ಸಲ ಬಂದದ್ದು ಒಂದು ಸೋಮವಾರ. ಸೋಮವಾರ ಎಂದರೆ ನಮ್ಮಲ್ಲಿ ಜಾತ್ರೆ. ಇಪ್ಪತ್ತನಾಲ್ಕು ವರ್ಷ, ತೆಳ್ಳಗಿನ ಮೈ, ಬಾಯಿ ಮಾತ್ರ ಬಲು ಜೋರು. ಜೊತೆಯಲ್ಲಿ ಅಪ್ಪ. ಗೊಟ್ಟಿಗೆರೆಯ ಹಳೇ ಊರಿನವರು. ಮೊದಲು ಹೊಲ ಉಳುತ್ತಿದ್ದವರು, ಈಗ ಅದೇ ಜಾಗದಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ತಾಯಿ ಇಲ್ಲದ ಮಗಳು. ಮನೆಯ ಮಹಡಿಯಲ್ಲಿ ಕೂತು ಬ್ಲೌಸುಗಳಿಗೆ ಆರಿ ವರ್ಕ್ ಕಸೂತಿ ಹಾಕುತ್ತಿದ್ದಳು. ಐದು ವಾರದಿಂದ ಬಿಟ್ಟು ಬಿಟ್ಟು ಜ್ವರ. ಹತ್ತಿರದ ಕ್ಲಿನಿಕ್ಕಿನವರು ಪ್ರತಿ ಸಲವೂ ಐದು ದಿನದ ಆ್ಯಂಟಿಬಯಾಟಿಕ್ ಕೊಡುತ್ತಿದ್ದರು. ಜ್ವರ ಹೋಗುತ್ತಿತ್ತು, ವಾರ ಕಳೆದರೆ ಮತ್ತೆ ಬರುತ್ತಿತ್ತು. ಕೊನೆಗೆ ಯಾವುದಕ್ಕೂ ಇರಲಿ ಎಂದು ಎಕೋ ಬರೆದುಕೊಟ್ಟಿದ್ದರು.

ಕೇಳುವ ಮೊದಲೇ ಅಪ್ಪ ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ಲ್ಯಾಮಿನೇಟ್ ಮಾಡಿಸಿದ ಡಿಸ್ಚಾರ್ಜ್ ಸಮ್ಮರಿ. ಹುಡುಗಿಗೆ ಆರು ವರ್ಷವಿದ್ದಾಗ ಮೆದುಳಿನ ಪೊರೆಗೆ ಸೋಂಕಾಗಿ ತಲೆಯೊಳಗೆ ನೀರು ತುಂಬಿಕೊಂಡಿತ್ತು. ಆ ನೀರು ಇಳಿಯಲೆಂದು ತಲೆಯಿಂದ ಚರ್ಮದ ಕೆಳಗೇ ಹೊಟ್ಟೆಯವರೆಗೆ ಒಂದು ಸಣ್ಣ ಕೊಳವೆ ಹಾಕಿದ್ದರು. ಶಂಟ್ ಅನ್ನುತ್ತಾರೆ. ಈ ಹಾಳೆಯನ್ನು ನೋಡದೆ ಯಾವ ಡಾಕ್ಟರೂ ಅವಳನ್ನು ಮುಟ್ಟುವ ಹಾಗಿಲ್ಲ ಎಂದು ಅಪ್ಪ ಹೇಳಿದರು. ಅಂಥ ಜೋಪಾನ. ಹರಿಯಬಾರದು, ನೆನೆಯಬಾರದು ಎಂದು ಜೆರಾಕ್ಸ್ ಅಂಗಡಿಯಲ್ಲಿ ನಿಂತು ಮಾಡಿಸಿದ್ದರಂತೆ. ನಾನು ಓದಿದೆ. ತಲೆಯಿಂದ ಹೊಟ್ಟೆಗೆ. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದುಕೊಂಡು ಪಕ್ಕಕ್ಕೆ ಇಟ್ಟೆ.

ಹುಡುಗಿ ಎಡ ಮಗ್ಗುಲಿಗೆ ಮಲಗಿದಳು. ಜೆಲ್ ಹಾಕಿದ್ದಕ್ಕೆ, ಇದನ್ನೇನು ಫ್ರಿಜ್ಜಲ್ಲಿ ಇಟ್ಟಿದ್ದಿರಾ ಆಂಟಿ ಎಂದು ಕೇಳಿದಳು. ನನ್ನ ಬ್ಲೌಸಿನ ತೋಳು ನೋಡಿ, ಇದನ್ನು ಹೊಲಿದವರು ಯಾರು, ಅವರ ಮೇಲೆ ಕೇಸ್ ಹಾಕಿ ಅಂದಳು. ನಾನು ರೋಗಿಗಳ ಜೊತೆ ಹೆಚ್ಚು ಮಾತಾಡುವವಳಲ್ಲ. ಮುಖ ಗಂಟು ಹಾಕಿಕೊಂಡೇ ಇರುತ್ತೇನೆ ಎಂದು ರಿಸೆಪ್ಷನ್ನಿನವರ ದೂರು. ಅವಳ ಮಾತಿಗೆ ಮಾತ್ರ ನಗು ಬಂತು.

ಎಡಗಡೆ ಎಲ್ಲ ಸರಿಯಿತ್ತು. ಬಲಗಡೆಯ ಮೇಲಿನ ಕೋಣೆಯಲ್ಲಿ ಬೆಳ್ಳಗೆ ಒಂದು ಗೆರೆ ಅಲ್ಲಾಡಿದ ಹಾಗೆ ಕಂಡಿತು. ಎಷ್ಟೋ ಜನರಲ್ಲಿ ಅಲ್ಲಿ ಹುಟ್ಟಿನಿಂದ ಉಳಿದ ತೆಳು ಪೊರೆಯೊಂದು ಇರುತ್ತದೆ. ಅದರಿಂದ ತೊಂದರೆ ಏನಿಲ್ಲ. ಕೆಳಗಿನಿಂದ ರಕ್ತ ತರುವ ದೊಡ್ಡ ನಾಳದ ಬಾಯಲ್ಲಿ ಅದರ ಬುಡ. ಗೆರೆ ಕಂಡರೆ ಅದು ಕೆಳಗಿನಿಂದ ಬಂದದ್ದೋ ಮೇಲಿನಿಂದಲೋ ಎಂದು ನೋಡಬೇಕು. ನೋಡಲು ಎದೆಮೂಳೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಪ್ರೋಬ್ ಒತ್ತಬೇಕು. ನಾನು ಒತ್ತಲು ಹೋದೆ. ಅವಳ ಹೊಟ್ಟೆಯ ಮೇಲೆ ಅಡ್ಡಡ್ಡ ಹಳೆಯ ಹೊಲಿಗೆಯ ಗುರುತುಗಳು. ನನ್ನ ಕೈ ಹಿಡಿದುಕೊಂಡಳು.

"ಅಲ್ಲಿ ಮಾತ್ರ ಒತ್ಬೇಡಿ ಆಂಟಿ. ತುಂಬಾ ನೋವಾಗತ್ತೆ."

ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಒಬ್ಬರಂತೂ ಆಗಲೇ ಎರಡು ಸಲ ಬಾಗಿಲು ಬಡಿದಿದ್ದರು. ನಾನು ಪ್ರೋಬ್ ತೆಗೆದೆ. ಶ್ವಾಸಕೋಶದ ಕಡೆಯ ಒತ್ತಡ ಮೂವತ್ತೆಂಟು ಬಂದಿತ್ತು, ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು. ಜ್ವರಕ್ಕೆ ಇರಬಹುದು ಎಂದುಕೊಂಡು ಅಂಕಿ ಬರೆದೆ. ಕೊನೆಯ ಸಾಲು ತನ್ನ ಪಾಡಿಗೆ ಇತ್ತು. ಡಾಕ್ಟರು ಸಹಿ ಹಾಕಿದರು. ಅಪ್ಪ ರಿಪೋರ್ಟನ್ನು ಕಣ್ಣಿಗೆ ಒತ್ತಿಕೊಂಡು ಕವರಿನೊಳಗೆ ಇಟ್ಟರು.

ಮೂರು ತಿಂಗಳ ಮೇಲೆ ಅದೇ ಹುಡುಗಿ ವೀಲ್‌ಚೇರಿನಲ್ಲಿ ಬಂದಳು. ಗುರುತು ಹಿಡಿಯುವುದಕ್ಕೆ ನನಗೆ ಒಂದು ಗಳಿಗೆ ಬೇಕಾಯಿತು. ಪಾದಗಳು ಊದಿದ್ದವು, ಮುಖವೂ. ಎರಡು ಮಾತಿಗೊಮ್ಮೆ ಉಸಿರು ನಿಲ್ಲಿಸಿ ತೆಗೆದುಕೊಳ್ಳುತ್ತಿದ್ದಳು. ಮೂತ್ರದಲ್ಲಿ ನೊರೆ ಬರುತ್ತಿದೆ, ಪ್ರೋಟೀನ್ ಹೋಗುತ್ತಿದೆ, ಕಾರಣ ಗೊತ್ತಾಗುತ್ತಿಲ್ಲ ಎಂದು ಈ ಸಲ ಕಿಡ್ನಿಯ ಡಾಕ್ಟರು ಕಳಿಸಿದ್ದರು. ನಡುವೆ ಟೈಫಾಯ್ಡ್ ಎಂದು ಒಂದು ಸಲ, ವೈರಲ್ ಎಂದು ಎರಡು ಸಲ ಔಷಧಿ ಆಗಿತ್ತು. ಶಂಟಿಗೇ ಸೋಂಕಾಗಿರಬಹುದೇ ಎಂದು ಒಬ್ಬರು ಅನುಮಾನಪಟ್ಟು, ಲ್ಯಾಮಿನೇಟ್ ಹಾಳೆ ನೋಡಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದರು. ಹೊಟ್ಟೆ ಚೊಕ್ಕವಾಗಿತ್ತು.

ಪ್ರೋಬ್ ಇಟ್ಟ ಕೂಡಲೇ ಕಂಡಿತು. ಬಲಗಡೆಯ ಮೇಲಿನ ಕೋಣೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಪ್ರತಿ ಬಡಿತಕ್ಕೂ ಕವಾಟದ ಬಾಯಿಂದ ಕೆಳಗೆ ಇಣುಕಿ ಮತ್ತೆ ಮೇಲೆ ಹೋಗುತ್ತಿತ್ತು. ಶ್ವಾಸಕೋಶದ ಒತ್ತಡ ಎಪ್ಪತ್ತನಾಲ್ಕು. ಈ ಸಲ ಎದೆಮೂಳೆಯ ಕೆಳಗೂ ಒತ್ತಿದೆ. ಅವಳು ಹಲ್ಲು ಕಚ್ಚಿಕೊಂಡಳು, ಬೇಡ ಎನ್ನಲು ಅವಳಲ್ಲಿ ಉಸಿರಿರಲಿಲ್ಲ. ಮೇಲಿನ ರಕ್ತನಾಳದಿಂದ ಜೋಡಿ ಗೆರೆಗಳು ಒಂದರ ಪಕ್ಕ ಒಂದು ನೆಟ್ಟಗೆ ಇಳಿದು ಬಂದು ಆ ಗಂಟಿನೊಳಗೆ ಮುಳುಗಿದ್ದವು. ಮೈಯಲ್ಲಿ ಹುಟ್ಟಿದ ಯಾವುದೂ ಅಷ್ಟು ನೆಟ್ಟಗೆ ಇರುವುದಿಲ್ಲ. ಅದು ಕೊಳವೆಯ ಎರಡು ಅಂಚು.

ತಲೆಯ ಪೈಪ್ ಎಲ್ಲಿದೆ ತೋರಿಸಮ್ಮ ಅಂದೆ. ಅವಳು ನನ್ನ ಬೆರಳು ಹಿಡಿದು ಕಿವಿಯ ಹಿಂದೆ ಇಟ್ಟಳು. ಚರ್ಮದ ಕೆಳಗೆ ಕೊಳವೆ ಸಿಕ್ಕಿತು. ಬೆರಳಾಡಿಸುತ್ತಾ ಕುತ್ತಿಗೆಯವರೆಗೆ ಬಂದೆ. ಹೊಟ್ಟೆಗೆ ಹೋಗುವ ಕೊಳವೆಯಾದರೆ ಕೊರಳ ಮೂಳೆ ದಾಟಿ ಎದೆಯ ಮೇಲೆ ಇಳಿಯಬೇಕು. ಇದು ಕುತ್ತಿಗೆಯ ಬುಡದಲ್ಲಿ, ಒಂದಂಗುಲದ ಹಳೆಯ ಹೊಲಿಗೆಯ ಹತ್ತಿರ ನಿಂತುಹೋಗಿತ್ತು. ಅಲ್ಲಿಂದ ರಕ್ತನಾಳದೊಳಗೆ ಇಳಿದು ನೇರ ಹೃದಯಕ್ಕೆ ಹೋಗಿತ್ತು.

ಡಾಕ್ಟರನ್ನು ಕರೆದೆ. ಅವರು ಪರದೆ ನೋಡಿದರು, ಲ್ಯಾಮಿನೇಟ್ ಹಾಳೆ ನೋಡಿದರು, ಇನ್ನೊಂದು ಆಪರೇಷನ್ ಆಗಿತ್ತೇ ಎಂದು ಅಪ್ಪನನ್ನು ಕೇಳಿದರು. ಹುಡುಗಿಗೆ ಹದಿನೈದು ವರ್ಷವಿದ್ದಾಗ ಹೊಟ್ಟೆಯೊಳಗೆ ನೀರು ಕಟ್ಟಿಕೊಂಡು ಊದಿತ್ತು, ಆಗ ಪೈಪಿನ ಕೆಳಗಿನ ತುದಿ ಬದಲಾಯಿಸಿದರು ಎಂದು ಅಪ್ಪ ಹೇಳಿದರು. ಅದರ ಚೀಟಿ ಮನೆಯ ಬೀರುವಿನಲ್ಲಿದೆ, ಕೈಯಲ್ಲಿ ಬರೆದ ಹತ್ತು ಸಾಲು.

"ಅದು ಬರೀ ರಿಪೇರಿ ಅಂದ್ಕೊಂಡೆ ಸಾರ್. ದೊಡ್ಡ ಆಪರೇಷನ್ ಪೇಪರ್ ಇದೇ ಅಲ್ವಾ ಅಂತ ಇದನ್ನೇ ಲ್ಯಾಮಿನೇಟ್ ಮಾಡಿಸ್ದೆ."

ಒಂಬತ್ತು ವರ್ಷ ಅವಳನ್ನು ನೋಡಿದ ಎಲ್ಲರೂ ಆ ಹಾಳೆಯನ್ನೇ ನೋಡಿಕೊಂಡು ಬರೆದಿದ್ದರು, ತಲೆಯಿಂದ ಹೊಟ್ಟೆಗೆ ಎಂದು. ಹೊಟ್ಟೆಯ ಸ್ಕ್ಯಾನ್ ಮಾಡಿದವರೂ ಸೋಂಕು ಹುಡುಕಿದರೇ ಹೊರತು ಕೊಳವೆ ಅಲ್ಲಿದೆಯೇ ಎಂದು ನೋಡಿರಲಿಲ್ಲ. ನಾನೂ ಅವರಲ್ಲಿ ಒಬ್ಬಳು. ಅವತ್ತೇ ಅವಳನ್ನು ಬನ್ನೇರುಘಟ್ಟ ರಸ್ತೆಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಹೋಗುವಾಗ ನನ್ನ ಫೋನ್ ನಂಬರನ್ನು ಅಪ್ಪ ಕೇಳಿ ಬರೆದುಕೊಂಡರು.

ಮಧ್ಯಾಹ್ನ ಡಬ್ಬಿ ತೆರೆದಿಟ್ಟುಕೊಂಡು, ಊಟ ಮಾಡದೆ, ಮಷೀನಿನಲ್ಲಿ ಅವಳ ಹಳೆಯ ಚಿತ್ರಗಳನ್ನು ತೆಗೆದೆ. ಮೂರು ತಿಂಗಳ ಹಿಂದಿನ ಎರಡು ಸೆಕೆಂಡಿನ ವಿಡಿಯೋ ತುಣುಕು. ನಿಲ್ಲಿಸಿದೆ, ದೊಡ್ಡದು ಮಾಡಿದೆ. ನಾನು ಪೊರೆ ಎಂದುಕೊಂಡ ಗೆರೆ ಒಂದಲ್ಲ, ಎರಡಿತ್ತು. ತುದಿಯಲ್ಲಿ ಕಡಲೆಬೀಜದಷ್ಟು ಗಂಟೂ ಇತ್ತು. ತುಣುಕನ್ನು ಒಂಬತ್ತು ಸಲ ಓಡಿಸಿದೆ. ಒಂದು ಸಲವಾದರೂ ಅದು ಇಲ್ಲದಂತೆ ಕಾಣಲಿ ಎಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಸಂಜೆ ಅಪ್ಪನ ಫೋನ್ ಬಂತು. ಮನುಷ್ಯ ಸ್ವಲ್ಪ ಹಗುರವಾಗಿದ್ದರು. ಅಲ್ಲಿನವರು ರಕ್ತ ತೆಳು ಮಾಡುವ ಔಷಧಿ ಶುರುಮಾಡಿದ್ದಾರೆ, ಹೆಪ್ಪು ಹೊಸದಂತೆ, ಎರಡು ವಾರ ನೋಡುತ್ತಾರಂತೆ, ಆಪರೇಷನ್ ಬೇಡವಾಗಬಹುದಂತೆ. ಹೊಸದು ಎಂದು ಹೇಗೆ ಹೇಳಿದರು ಎಂದು ಕೇಳಿದೆ.

"ನಿಮ್ ರಿಪೋರ್ಟ್ ತೋರಿಸ್ದೆ ಅಲ್ವಾ ಮೇಡಂ. ಮೂರು ತಿಂಗಳ ಹಿಂದೆ ಏನೂ ಇಲ್ಲ ಅಂತ ಅದ್ರಲ್ಲಿದೆ."

ಸೋಂಕು ಹುಡುಕಲು ಲ್ಯಾಬಿನಲ್ಲಿ ಇಟ್ಟ ರಕ್ತದ ಕಲ್ಚರಿನಲ್ಲೂ ಏನೂ ಬೆಳೆದಿರಲಿಲ್ಲ. ಅಷ್ಟು ಆ್ಯಂಟಿಬಯಾಟಿಕ್ ನುಂಗಿದವಳ ರಕ್ತದಲ್ಲಿ ಬೆಳೆಯುವುದಾದರೂ ಏನು? ಆದರೆ ಗಂಟು ಮೂರು ತಿಂಗಳ ಹಿಂದೆ, ಜ್ವರದ ದಿನಗಳಲ್ಲೇ ಇತ್ತು ಎಂದು ಗೊತ್ತಾದರೆ ಲೆಕ್ಕವೇ ಬೇರೆ. ಅದು ಬರೀ ಹೆಪ್ಪಲ್ಲ, ಸೋಂಕು ಗೂಡು ಕಟ್ಟಿದ ಜಾಗ. ಅದರಿಂದ ಚೂರುಗಳು ಕಿತ್ತು ಶ್ವಾಸಕೋಶಕ್ಕೆ ಹೋಗುತ್ತಿವೆ, ಕಿಡ್ನಿ ಕೆಟ್ಟಿರುವುದೂ ಅದೇ ಸೋಂಕಿನಿಂದಲೇ. ಔಷಧಿಗೆ ಅದು ಕರಗುವುದಿಲ್ಲ. ಕೊಳವೆಯನ್ನೇ ತೆಗೆಯಬೇಕು, ಬೇಗ ತೆಗೆಯಬೇಕು. ಎರಡು ವಾರ ಕಾಯುವಷ್ಟು ಉಸಿರು ಅವಳಲ್ಲಿ ಇಲ್ಲವೆಂದು ಎಪ್ಪತ್ತನಾಲ್ಕು ಎಂಬ ಅಂಕಿಯೇ ಹೇಳುತ್ತಿತ್ತು. ಕಾಯಿಸುತ್ತಿದ್ದದ್ದು ನಾನು ಅಳಿಸದೆ ಬಿಟ್ಟ ಸಾಲು.

ಕತ್ರಿಗುಪ್ಪೆಯ ಮನೆಗೆ ಹೋಗಿ ಅಡುಗೆ ಮಾಡಿದೆ, ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಭಯವಾಗಿತ್ತು. ಕೆಲಸ ಹೋಗುತ್ತದೆ ಎಂಬ ಭಯ ಒಂದು ಕಡೆ, ಆ ಅಪ್ಪನ ಮುಖ ಇನ್ನೊಂದು ಕಡೆ. ಮಷೀನಿನಲ್ಲಿ ಜಾಗ ತುಂಬಿದಾಗ ಹಳೆಯ ತುಣುಕುಗಳು ತಾವಾಗಿಯೇ ಅಳಿಸಿಹೋಗುತ್ತವೆ. ಇನ್ನು ಕೆಲವು ದಿನ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಯೋಚನೆಯೂ ಬಂತು.

ಬೆಳಿಗ್ಗೆ ಮೊದಲ ರೋಗಿಯನ್ನು ಕರೆಯುವ ಮೊದಲು ಡಾಕ್ಟರನ್ನು ಕೂರಿಸಿ ತುಣುಕು ತೋರಿಸಿದೆ. ಅವರಿಗೆ ಸಿಟ್ಟು ಬಂತು. ಸಹಿ ನನ್ನದಲ್ಲವೇನಮ್ಮ, ಅವತ್ತು ಯಾಕೆ ಕರೆಯಲಿಲ್ಲ ಎಂದು ಬೈದರು. ಬೈಯಲಿ ಎಂದು ನಿಂತೆ. ಆಮೇಲೆ ಅವರೇ ಇನ್ನೆರಡು ಸಲ ನೋಡಿ, ಅವಸರದಲ್ಲಿ ನಾನೂ ಪೊರೆ ಅಂತಲೇ ಹೇಳುತ್ತಿದ್ದೆನೋ ಏನೋ ಅಂದರು. ಆಸ್ಪತ್ರೆಗೆ ಫೋನ್ ಮಾಡಿ, ಹಳೆಯದರಲ್ಲೂ ಸ್ವಲ್ಪ ಅನುಮಾನವಿತ್ತು ಎಂದು ಹೇಳೋಣ ಎಂದರು. ನಾನು ಬೇಡ ಅಂದೆ. ಅನುಮಾನ ಎಂದರೆ ಅವರು ಇನ್ನೂ ಎರಡು ದಿನ ಯೋಚನೆ ಮಾಡುತ್ತಾರೆ. ಚಿತ್ರವನ್ನೇ ಕೊಡಬೇಕು, ರಿಪೋರ್ಟ್ ತಿದ್ದಿ ಕೊಡಬೇಕು. ಡಾಕ್ಟರು ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತಾ ಕೂತಿದ್ದು, ತಿದ್ದಿದ ರಿಪೋರ್ಟನ್ನು ಕೈಯಲ್ಲೇ ಬರೆದು ಸಹಿ ಹಾಕಿದರು. ಅವರ ಆ ಒಂದು ಸಹಿಗೆ ನಾನು ಇವತ್ತಿಗೂ ಋಣಿ.

ಪೆನ್‌ಡ್ರೈವ್ ಹಿಡಿದು ಆಟೋ ಹತ್ತಿದೆ. ಜೆ.ಪಿ. ನಗರ ದಾಟುವಷ್ಟರಲ್ಲಿ ಏನು ಹೇಳಬೇಕೆಂದು ಮಾಡಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು. ನರಶಸ್ತ್ರಚಿಕಿತ್ಸೆಯ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ನಿಂತುಕೊಂಡೇ ತುಣುಕು ನೋಡಿದರು. ಅಪ್ಪ ಮನೆಯಿಂದ ತಂದುಕೊಟ್ಟಿದ್ದ ಹತ್ತು ಸಾಲಿನ ಹಳೇ ಚೀಟಿಯೂ ಮೇಜಿನ ಮೇಲಿತ್ತು. ಕೊಳವೆಯ ತುದಿ ಹೃದಯದ ಬಲ ಮೇಲಿನ ಕೋಣೆಯಲ್ಲಿ ಎಂದು ಆರನೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು.

"ಇದನ್ನ ಕ್ಲೀನ್ ಅಂತ ಬರ್ದಿದ್ದು ಯಾರು?"

"ನಾನೇ ಮೇಡಂ."

ಅವರು ನನ್ನನ್ನು ಒಂದು ಸಲ ನೋಡಿದರು. ಬೈಯಲಿಲ್ಲ. ರಕ್ತ ತೆಳು ಮಾಡುವ ಔಷಧಿ ನಿಲ್ಲಿಸಿ ಎಂದು ವಾರ್ಡಿಗೆ ಫೋನ್ ಮಾಡಿದರು. ಆಮೇಲೆ ಹೃದಯದ ಸರ್ಜನ್‌ಗೆ. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಮೊದಲು ಮೇಲಿನ ತುದಿ ತೆಗೆದು, ತಲೆಯ ನೀರು ಹೊರಗಿನ ಚೀಲಕ್ಕೆ ಇಳಿಯುವಂತೆ ಮಾಡುವುದು. ಸೋಂಕಿಗೆ ಗಟ್ಟಿ ಔಷಧಿ. ಕೆಳಗಿನ ತುದಿ ಎಳೆದರೆ ಗಂಟು ಒಡೆದು ಶ್ವಾಸಕೋಶಕ್ಕೆ ಹೋಗುತ್ತದೆ, ಆದ್ದರಿಂದ ಎದೆ ತೆರೆದೇ ತೆಗೆಯುವುದು.

ಕಾರಿಡಾರಿನಲ್ಲಿ ಅಪ್ಪನಿಗೆ ನಾನೇ ಹೇಳಿದೆ. ಡಾಕ್ಟರುಗಳು ಹೇಳುವ ಮೊದಲು ನನ್ನ ಬಾಯಿಂದಲೇ ಬರಲಿ ಎಂದು. ಅವತ್ತೇ ಇತ್ತು ಯಜಮಾನ್ರೇ, ಕಣ್ಣಿಗೆ ಬಿದ್ದಿತ್ತು, ನಾನು ಸರಿಯಾಗಿ ನೋಡಲಿಲ್ಲ, ತಪ್ಪಾಯಿತು. ಇಷ್ಟೇ ಹೇಳಿದ್ದು. ಅವರು ಗೋಡೆಯ ಕಡೆ ತಿರುಗಿಕೊಂಡರು. ಹಾಗೇ ನಿಂತು, ನೀವು ಹೋಗಿ ಮೇಡಂ ಅಂದರು.

ನಾನು ಹೋಗಲಿಲ್ಲ, ಅವಳನ್ನು ನೋಡಿದೆ. ಮೂಗಿನಲ್ಲಿ ಆಕ್ಸಿಜನ್ ಕೊಳವೆ, ಕೈಯೆಲ್ಲ ಸೂಜಿ. ಅವಳಿಗೆ ಆಗಲೇ ವಿಷಯ ಗೊತ್ತಾಗಿತ್ತು. ವಾರ್ಡಿನಲ್ಲಿ ಯಾವ ಮಾತು ನಿಲ್ಲುತ್ತದೆ?

"ಆಂಟಿ, ಅವತ್ತು ಒತ್ಬೇಡಿ ಅಂದಿದ್ದು ನಾನೇ ಅಲ್ವಾ?"

"ನೀನು ಅಂದ್ರೂ ನಾನು ಒತ್ಬೇಕಿತ್ತು ಕಣಮ್ಮ. ಅದು ನನ್ ಕೆಲಸ."

ಅವಳು ಕಣ್ಣು ಮುಚ್ಚಿಕೊಂಡೇ ಸ್ವಲ್ಪ ನಕ್ಕಳು. ವಾಸಿಯಾದ ಮೇಲೆ ನಿಮ್ಮ ಬ್ಲೌಸಿನ ತೋಳು ಸರಿ ಮಾಡಿಕೊಡುತ್ತೇನೆ, ತಂದಿಡಿ ಅಂದಳು. ತರುತ್ತೇನೆ ಎಂದೆ. ಶನಿವಾರ ಅದನ್ನು ಒಗೆದು ಇಸ್ತ್ರಿ ಮಾಡಿ ಬ್ಯಾಗಿನಲ್ಲಿ ಇಟ್ಟೂ ಇದ್ದೆ.

ತಲೆಯ ಕಡೆಯದು ಸಲೀಸಾಗಿ ಆಯಿತು. ತೆಗೆದ ಕೊಳವೆಯನ್ನು ಲ್ಯಾಬಿಗೆ ಕೊಟ್ಟಾಗ ಕೊನೆಗೂ ಸೋಂಕು ಬೆಳೆಯಿತು, ಚರ್ಮದ ಮೇಲೆ ಎಲ್ಲರಿಗೂ ಇರುವ ಬಡಪಾಯಿ ಬ್ಯಾಕ್ಟೀರಿಯಾ. ಹೊರಗಿದ್ದರೆ ಏನೂ ಮಾಡದು, ಪ್ಲಾಸ್ಟಿಕ್ಕಿಗೆ ಅಂಟಿದರೆ ತಿಂಗಳುಗಟ್ಟಲೆ ನಿಧಾನವಾಗಿ ಕೊಲ್ಲುತ್ತದೆ. ನಾಲ್ಕನೇ ದಿನ ಎದೆ ತೆರೆದರು. ಕೊಳವೆಯ ತುದಿ ಹೃದಯದ ಗೋಡೆಗೆ ಬೆಸೆದುಕೊಂಡಿತ್ತಂತೆ, ಗಂಟಿನ ಒಳಭಾಗ ಹಳೆಯದಾಗಿ ಗಟ್ಟಿಯಾಗಿತ್ತಂತೆ. ಪೂರ್ತಿ ತೆಗೆದರು. ಹೃದಯದ ಬಲಭಾಗ ಮಾತ್ರ ಚೇತರಿಸಿಕೊಳ್ಳಲಿಲ್ಲ. ಶ್ವಾಸಕೋಶದ ಸಣ್ಣ ನಾಳಗಳೆಲ್ಲ ಹಳೆಯ ಚೂರುಗಳಿಂದ ಮುಚ್ಚಿಹೋಗಿದ್ದವು, ಅವುಗಳ ಎದುರು ರಕ್ತ ತಳ್ಳುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ. ಆಪರೇಷನ್ ಆಗಿ ಆರನೇ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ಹುಡುಗಿ ಹೋದಳು. ನಾನು ಬನಶಂಕರಿಯ ಒಬ್ಬ ರಿಟೈರ್ಡ್ ಮೇಷ್ಟರ ಎಕೋ ಮಾಡುತ್ತಿದ್ದೆ. ಫೋನಿನಲ್ಲಿ ಮೆಸೇಜು ಓದಿ, ಪ್ರೋಬ್ ಒರೆಸಿ, ಮತ್ತೆ ಮೊದಲಿನಿಂದ ಶುರುಮಾಡಿದೆ. ಬಿಟ್ಟು ಎದ್ದು ಹೋಗುವ ಧೈರ್ಯ ಇರಲಿಲ್ಲ.

ಆ ಸಾಲನ್ನು ಫಾರ್ಮಿನಿಂದಲೇ ತೆಗೆಸಿ ಎಂದು ಮ್ಯಾನೇಜರಿಗೆ ಹೇಳಿದೆ. ಪ್ರತಿ ರಿಪೋರ್ಟಿಗೂ ಟೈಪ್ ಮಾಡುತ್ತಾ ಕೂತರೆ ದಿನಕ್ಕೆ ಎಷ್ಟು ಜನರನ್ನು ನೋಡುತ್ತೀರಿ ಎಂದು ಕೇಳಿದರು. ಸಾಲು ಹಾಗೇ ಉಳಿಯಿತು. ನಾನು ಮಾತ್ರ ಫಾರ್ಮ್ ತೆರೆದ ತಕ್ಷಣ ಅದನ್ನು ಅಳಿಸುತ್ತೇನೆ. ಎಲ್ಲ ನೋಡಿ ಮುಗಿದ ಮೇಲೆ, ಇಲ್ಲದ್ದನ್ನು ಇಲ್ಲ ಎಂದು ಒಂದೊಂದಾಗಿ ಟೈಪ್ ಮಾಡುತ್ತೇನೆ. ತಡವಾಗುತ್ತದೆ. ಹೊರಗೆ ಗೊಣಗುತ್ತಾರೆ, ಗೊಣಗಲಿ.

ಹುಡುಗಿ ಹೋಗಿ ಐದು ತಿಂಗಳಾಗಿತ್ತು. ಟೋಕನ್ ಕರೆದಾಗ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಯಾರನ್ನು ಕರೆತಂದಿದ್ದಾರೆ ಎಂದು ಅವರ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಚೀಟಿ ಅವರದ್ದೇ ಆಗಿತ್ತು. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ಎಕೋ ಮಾಡಿಸಿ ಎಂದು ಬರೆದಿದ್ದರು. ಗೊಟ್ಟಿಗೆರೆಯ ಸುತ್ತಮುತ್ತಲೇ ಈಗ ಎಷ್ಟೊಂದು ಸ್ಕ್ಯಾನಿಂಗ್ ಸೆಂಟರುಗಳಿವೆ.

"ಇಷ್ಟು ದೂರ ಯಾಕೆ ಬಂದ್ರಿ ಯಜಮಾನ್ರೇ? ಅದೂ ನನ್ ಹತ್ರ?"

ಅವರು ಶರ್ಟಿನ ಗುಂಡಿ ಬಿಚ್ಚುತ್ತಾ ಹೇಳಿದರು. "ತಪ್ಪಾಯ್ತು ಅಂತ ಅಂದವ್ರು ನೀವೊಬ್ರೇ ಕಣಮ್ಮ. ಆ ಚೀಟಿ ಬೀರುನಲ್ಲಿಟ್ಟಿದ್ದು ನಾನು. ನನ್ ಬಾಯಲ್ಲಿ ಇನ್ನೂ ಆ ಮಾತು ಬಂದಿಲ್ಲ."

ಎಡಕ್ಕೆ ತಿರುಗಿಸಿ ಮಲಗಿಸಿದೆ. ಜೆಲ್ ಟ್ಯೂಬನ್ನು ಎರಡು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಹಾಕಿದೆ. ಎಡಗಡೆ ನೋಡಿದೆ, ಬಲಗಡೆ ನೋಡಿದೆ, ಒಂದೊಂದು ಕವಾಟದ ಹತ್ತಿರವೂ ನಿಂತು ನೋಡಿದೆ. ಕೊನೆಗೆ ಅವರನ್ನು ಅಂಗಾತ ಮಲಗಿಸಿ, ಪ್ರೋಬನ್ನು ಎದೆಮೂಳೆಯ ಕೆಳಗೆ ತಂದು ಸುಮ್ಮನೆ ಇಟ್ಟೆ. ನಾನು ಒತ್ತುತ್ತಿಲ್ಲ ಎಂಬುದು ಅವರಿಗೂ ಗೊತ್ತಾಗಿರಬೇಕು. ಅವರು ಸೀಲಿಂಗ್ ನೋಡಿಕೊಂಡೇ ಹೇಳಿದರು.

"ಗಟ್ಟಿಯಾಗಿ ಒತ್ತಿ ನೋಡಮ್ಮ. ನೋವಾದ್ರೂ ನಾನು ಬೇಡ ಅನ್ನಲ್ಲ."

ಒತ್ತಿದೆ.